ಮಾವ ಮಾಡಿಸಿದ ಕಿರುಚಿತ್ರಗಳ ಮದುವೆ

ನನ್ನ ಸೋದರಮಾವನಿಗೆ ಈ ಲೋಕದಲ್ಲಿ ಗೊತ್ತಿರುವ ಕಾರ್ಯಕ್ರಮ ಒಂದೇ ಒಂದು: ಮದುವೆ! ಮಿಕ್ಕಿದ್ದೆಲ್ಲ ಅವರ ಪ್ರಕಾರ ಮದುವೆಯೇ, ಮಾಡುವವರಿಗೆ ಸರಿಯಾಗಿ ಮಾಡಲು ಬರುವುದಿಲ್ಲ ಅಷ್ಟೇ. ಅಂಗಡಿ ಉದ್ಘಾಟನೆ ಇರಲಿ, ಕಣ್ಣಿನ ತಪಾಸಣೆ ಇರಲಿ, ಹರಿಹರದಲ್ಲಿ ಎಲ್ಲಿ ಶಾಮಿಯಾನ ಎದ್ದರೂ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಮ್ಮ ಮಾವ ನಿಂತಿರುತ್ತಾರೆ. ಒಮ್ಮೆ ರಕ್ತದಾನ ಶಿಬಿರಕ್ಕೆ ಬಂದವರನ್ನೆಲ್ಲ ಕೈ ಹಿಡಿದು, "ಊಟ ಮಾಡ್ಕೊಂಡೇ ಹೋಗ್ಬೇಕ್ರಿ, ಹಂಗೇ ಹೋಗಂಗಿಲ್ಲ" ಎಂದು ಉಪಚಾರ ಮಾಡಿಬಿಟ್ಟರು. ಅಲ್ಲಿ ಇದ್ದದ್ದು ಬಿಸ್ಕತ್ತು ಮತ್ತು ಜ್ಯೂಸು ಮಾತ್ರ! ರಕ್ತ ಕೊಟ್ಟವರು ಎಲೆ ಎಲ್ಲಿ ಹಾಕಿದ್ದಾರೆಂದು ಹುಡುಕುತ್ತಿದ್ದರಂತೆ.

ಇದೇನು ಅವರ ಉದ್ಯೋಗವಲ್ಲ. ಉದ್ಯೋಗ ಫ್ಯಾಕ್ಟರಿಯಲ್ಲಿತ್ತು. ನಿವೃತ್ತಿಯ ದಿನ ಬೀಳ್ಕೊಡುಗೆ ಇಟ್ಟುಕೊಂಡು ವೇದಿಕೆಗೆ ಕರೆದರೆ ಆಸಾಮಿಯೇ ಇಲ್ಲ! ಹಿಂದಿನ ಸಾಲಿಗೆ ಕೇಸರಿಬಾತ್ ಮುಟ್ಟಿತೋ ಇಲ್ಲವೋ ನೋಡಲು ಹೋಗಿದ್ದರು. ಹಾರ ಹಿಡಿದು ನಿಂತು ನಿಂತು ಕೈಸೋತ ಮ್ಯಾನೇಜರು ಕೊನೆಗೆ ಅದನ್ನು ಖಾಲಿ ಕುರ್ಚಿಗೆ ಹಾಕಿ ಕೈಮುಗಿದರಂತೆ. ತಡವಾಗಿ ಬಂದವರು ಮಾವ ತೀರಿಯೇ ಹೋದರು ಅಂದುಕೊಂಡರು.

ಅದೂ ಹೋಗಲಿ. ತಮ್ಮ ಮದುವೆಯಲ್ಲೇ ಅವರು ಜಾಗದಲ್ಲಿ ಇರಲಿಲ್ಲ ಎಂದರೆ ನಂಬುತ್ತೀರಾ? ಮುಹೂರ್ತದ ಹೊತ್ತಿಗೆ ನೆಂಟರ ಬಸ್ಸು ಬಂತೆಂದು ಬಾಸಿಂಗ ಕಟ್ಟಿಕೊಂಡೇ ಬಾಗಿಲಿಗೆ ಓಡಿದ್ದರು. ಹಸೆಮಣೆಯ ಮೇಲೆ ಅತ್ತೆ ಒಬ್ಬಳೇ. ಪಕ್ಕದ ಜಾಗ ಖಾಲಿ ಇದೆಯಲ್ಲ ಎಂದು ಸುಸ್ತಾದ ಅಜ್ಜಿಯೊಬ್ಬಳು ಅಲ್ಲಿ ಕೂರಲು ಹೋದರೆ, ಅತ್ತೆ ತಗ್ಗಿಸಿದ ತಲೆ ಎತ್ತದೆ, ಮಣೆಯ ಮೇಲೆ ಕೈಯಿಟ್ಟು, "ಇಲ್ಲಿ ಜನ ಬರ್ತಾರೆ" ಅಂದಳಂತೆ! ಬಸ್ಸಿನಲ್ಲಿ ಟವೆಲು ಹಾಕಿ ಸೀಟು ಹಿಡಿದವರು ಹೇಳುವ ಮಾತು ನೋಡಿ ಅದು. ಆಮೇಲೆ ಅತ್ತೆ ಬದುಕಿರುವ ತನಕ ಅದೇ ಮಾತು ಹೇಳಿದಳು. ಯಾರ ಮನೆಯ ಮದುವೆಗೆ ಹೋದರೂ ಪಂಕ್ತಿಯಲ್ಲಿ ತನ್ನ ಪಕ್ಕ ಕೈಚೀಲ ಇಟ್ಟು, "ಜನ ಬರ್ತಾರೆ, ಜನ ಬರ್ತಾರೆ" ಎಂದು ಕಾಯುತ್ತಿದ್ದಳು. ಜನ ಬರುವ ಹೊತ್ತಿಗೆ ಎಲೆಯ ಮೇಲಿನ ಅನ್ನ ಆರಿರುತ್ತಿತ್ತು. ಈಗ ಅತ್ತೆ ಇಲ್ಲ. ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಊಟ ಮುಗಿಸುತ್ತಾರೆ.

ಇರಲಿ, ಸಿನಿಮಾದ ಕಡೆ ಬರೋಣ. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಮೇಷ್ಟ್ರಗಿರಿ ಮಾಡುವವಳು. ಪಾಠ ಸಾಲದೆಂದು ವಿದ್ಯಾರ್ಥಿಗಳ ಕಿರುಚಿತ್ರೋತ್ಸವವನ್ನೂ ತಲೆ ಮೇಲೆ ಹೊತ್ತುಕೊಂಡಿದ್ದೇನೆ. ಹೋದ ವರ್ಷ ನಮ್ಮ ಉತ್ಸವ ಹೇಗಿತ್ತೆಂದರೆ, ಸಿನಿಮಾ ಮಾಡಿದವರೇ ಸಿನಿಮಾ ನೋಡಿದರು. ಇನ್ನೊಬ್ಬರು ಎಲೆಕ್ಟ್ರಿಷಿಯನ್, ಅವರಿಗೆ ಬೇರೆ ದಾರಿ ಇರಲಿಲ್ಲ. ಈ ವರ್ಷ ಹಾಗಾಗಬಾರದು ಎಂದು ಹರಿಹರದಲ್ಲಿ ಮಾವನ ಮನೆಯಲ್ಲಿ ರೊಟ್ಟಿ ಮುರಿಯುತ್ತಾ ಹೇಳಿದೆ. ಹೇಳಬಾರದಿತ್ತೇ? ಹೇಳಿದ್ದೇ ಒಳ್ಳೆಯದಾಯಿತು ಎಂದು ಈಗ ಎದೆ ತಟ್ಟಿ ಹೇಳುತ್ತೇನೆ.

"ಕರೆದಿದ್ದು ಹೆಂಗವ್ವ?" ಮಾವ ಕೇಳಿದರು.

"ವಾಟ್ಸ್ಯಾಪಲ್ಲಿ ಹಾಕಿದ್ವಿ ಮಾವ."

"ಅಲ್ಲೇ ನೋಡು! ವಾಟ್ಸ್ಯಾಪ್ನಾಗೆ ಕರೆದ್ರೆ ಜನ ವಾಟ್ಸ್ಯಾಪ್ನಾಗೇ ಬರ್ತಾರೆ! ಕುಂಕುಮ ಹಚ್ಚಿದ್ರೇನು? ಅಕ್ಷತೆ ಕೊಟ್ರೇನು? ಮನಿ ಹೆಣ್ಮಕ್ಕಳನ್ನ ಬ್ಯಾರೆ ಕರೆದ್ರೇನು? ಇಲ್ಲ. ಮತ್ಯಾಕ ಬರ್ತಾರವ್ವ?"

ಮರುದಿನವೇ ಬಸ್ಸು ಹತ್ತಿ ಕಾಲೇಜಿಗೆ ಬಂದು ನಮ್ಮ ವಿದ್ಯಾರ್ಥಿ ಸಮಿತಿಯ ಸಭೆಯಲ್ಲಿ ಕೂತೇಬಿಟ್ಟರು. ಕೂತರು ಎಂದದ್ದು ತಪ್ಪು, ನಿಂತರು. ಮೊದಲ ಪ್ರಶ್ನೆಯೇ, "ಒಂದೊಂದು ಸಿನಿಮಾ ಎಷ್ಟೊತ್ತು?"

"ಹತ್ತು ಹನ್ನೆರಡು ನಿಮಿಷ ಸರ್."

"ಅಷ್ಟಕ್ಕೆ ಜನನ್ನ ಕರೆಸ್ತೀರಾ? ಎಲೆ ತೊಳೆದು ಉಪ್ಪು ಬಡಿಸಾದ್ರೊಳಗೆ ಮುಗದೋಗ್ತೈತಲ್ರಪ್ಪಾ!"

ತೀರ್ಪುಗಾರರು ಬಂದು ಒಂದು ಸಿನಿಮಾಕ್ಕೆ ಬಹುಮಾನ ಕೊಡುತ್ತಾರೆ ಎಂದು ಹೇಳಿದಾಗಲಂತೂ ಮಾವ ಕೆಂಡವಾದರು. "ಮನೆತನಕ ಹೋಗಿ ಕರೆದುಕೊಂಡು ಬಂದು, ಎಲ್ರ ಮುಂದೆ ನಿನ್ನ ಮಗಳು ಚಂದಿಲ್ಲ ಅಂತೀರೇನ್ರಿ?" ಸಮಿತಿಯ ಹುಡುಗರು ಮುಖಮುಖ ನೋಡಿಕೊಂಡರು. ಇಷ್ಟು ದಿನ ಅವರಿಗೂ ಅದೇ ಹೊಟ್ಟೆಯುರಿ ಇತ್ತು, ಹೇಳುವ ಧೈರ್ಯ ಇರಲಿಲ್ಲ. ಎಲ್ಲರಿಗೂ ಶಾಲು, ಎಲ್ಲರಿಗೂ ತಾಂಬೂಲ ಎಂದು ಅಲ್ಲೇ ತೀರ್ಮಾನವಾಯಿತು.

ಅವತ್ತು ಸಭೆ ಮುಗಿದ ಮೇಲೆ ಚೈತ್ರಾ ಎಂಬ ಹುಡುಗಿ ಉಳಿದುಕೊಂಡಳು. ನಮ್ಮಲ್ಲಿ ಸಿನಿಮಾ ಮಾಡಲು ನಿಜವಾಗಿ ಬರುವವಳು ಅವಳೊಬ್ಬಳೇ, ಇದನ್ನು ನಾನು ಉಳಿದವರ ಮುಂದೆ ಹೇಳುವುದಿಲ್ಲ. ಮೈಸೂರಿನಲ್ಲಿ ಸಿನಿಮಾ ಕಲಿಯುವ ಕೋರ್ಸಿಗೆ ಅವಳಿಗೆ ಸೀಟು ಸಿಕ್ಕಿತ್ತು. ಅಪ್ಪ ಬೇಡ ಅಂದಿದ್ದರು. ಶಾಮನೂರಿನ ಜಮೀನ್ದಾರರು, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯೂ ಇದೆ. "ಫೋನ್ನಾಗೆ ವಿಡಿಯೊ ಹಿಡಿಯೋದೂ ಒಂದ್ ಓದೇನು?" ಎಂಬುದು ಅವರ ಪ್ರಶ್ನೆ. ಮಗಳು ಮಾಡಿದ ಒಂದು ಸಿನಿಮಾವನ್ನೂ ಅವರು ನೋಡಿರಲಿಲ್ಲ. ಸೇರುತ್ತಾಳೋ ಇಲ್ಲವೋ ಎಂದು ಉತ್ಸವದ ವಾರವೇ ಮೈಸೂರಿಗೆ ಹೇಳಬೇಕಿತ್ತು.

"ಅಪ್ಪ ಒಂದ್ಸಲ ನೋಡಿದ್ರೆ ಸಾಕು ಮ್ಯಾಡಂ. ನೋಡಿದ್ಮೇಲೂ ಬ್ಯಾಡ ಅಂದ್ರೆ ಬಿಟ್ಬಿಡ್ತೀನಿ" ಅಂದಳು. ಕಣ್ಣು ತುಂಬಿತ್ತು.

ಮಾವ ಕೇಳಿಸಿಕೊಂಡರು. "ಹುಡುಗಿ ಅಪ್ಪನ್ನೇ ಕರೆದಿಲ್ಲ ಅಂದ್ರೆ ಇದೆಂಥ ಕಾರ್ಯ? ಏಳವ್ವ!" ಎಂದು ನನ್ನನ್ನು ಎಬ್ಬಿಸಿದರು.

ಕುಂಕುಮದ ಬಟ್ಟಲು, ಅಕ್ಷತೆ, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ ಆಮಂತ್ರಣ ಪತ್ರಿಕೆ ಹಿಡಿದು ನಾವು ಶಾಮನೂರಿನ ಅಂಗಡಿಗೆ ಹೋದೆವು. ಚೈತ್ರಾಳ ಅಪ್ಪ ಗ್ರೀಸು ಒರೆಸಿಕೊಂಡು ಎದ್ದು ನಿಂತರು. ಅಕ್ಷತೆ ನೋಡಿದ ಮೇಲೆ ಎದ್ದು ನಿಲ್ಲದೆ ಇರಲು ಯಾರಿಗಾದರೂ ಆಗುತ್ತದೆಯೇ?

"ಯಾರದ್ರಿ ಯಜಮಾನ್ರೆ ಮದುವಿ?"

"ನಿಮ್ಮ ಮಗಳ ಸಿನಿಮಾದ್ದು ಗೌಡ್ರೆ."

ಗೌಡರು ನನ್ನ ಕಡೆ ನೋಡಿದರು. ನಾನು ಗೋಡೆಗೆ ನೇತುಹಾಕಿದ್ದ ಫ್ಯಾನ್ ಬೆಲ್ಟುಗಳ ಕಡೆ ನೋಡಿದೆ. "ಸಿನಿಮಾಕ್ಕೆ ಅಕ್ಷತೆ ತಂದೋರನ್ನ ನಾನು ಇವತ್ತೇ ಕಂಡಿದ್ದು" ಎಂದು ಅವರು ನಕ್ಕರು. ಆದರೆ ಅಂಗೈಯೊಡ್ಡಿ ಅಕ್ಷತೆ ತೆಗೆದುಕೊಂಡರು. ತೆಗೆದುಕೊಂಡ ಮೇಲೆ ಮುಗಿಯಿತು, ಬರಲೇಬೇಕು! "ಮುಖ ತೋರ್ಸಿ ಬಂದ್ಬಿಡ್ತೀನ್ರಿ, ಅಂಗಡಿ ಬಿಟ್ಟು ಬಾಳೊತ್ತು ಕೂಡಾಕಾಗಲ್ಲ" ಅಂದರು. ಮುಖ ತೋರಿಸಿದರೆ ಸಾಕು, ಕೂಡಿಸುವುದು ತಮ್ಮ ಜವಾಬ್ದಾರಿ ಎಂದು ಮಾವ ದಾರಿಯುದ್ದಕ್ಕೂ ಹೇಳಿದರು.

ಉತ್ಸವದ ದಿನ ಬೆಳಿಗ್ಗೆ ನಾನು ಸಭಾಂಗಣಕ್ಕೆ ಬಂದು ನೋಡುತ್ತೇನೆ, ನೂಕುನುಗ್ಗಲು! ಅರ್ಧ ಹರಿಹರವೇ ರೇಷ್ಮೆಸೀರೆ ಉಟ್ಟು ಬಂದಿತ್ತು. ಬಾಗಿಲಿಗೆ ಬಾಳೆಕಂದು, ಒಳಗೆ ವಾಲಗದವರು, ಹಿತ್ತಿಲಿನಲ್ಲಿ ಗೋಧಿಹುಗ್ಗಿ ಕುದಿಯುವ ವಾಸನೆ. ಕಡರನಾಯಕನಹಳ್ಳಿಯಿಂದ ಬಂದ ನಮ್ಮ ದೂರದ ದೊಡ್ಡಮ್ಮ ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ ತಂದಿದ್ದರು. "ಹುಡುಗಿ ಯಾವುದೇ? ಕಾಣ್ತಾನೇ ಇಲ್ಲ!" ಎಂದು ನನ್ನನ್ನೇ ಕೇಳಿದರು. ಸಿನಿಮಾ ಮಾಡಿದ ಮಕ್ಕಳನ್ನೆಲ್ಲ ಮಾವ ಆಗಲೇ ಮುಂದಿನ ಸಾಲಿನ ಕೆಂಪು ಮಖಮಲ್ಲಿನ ಕುರ್ಚಿಗಳಲ್ಲಿ ಕೂಡಿಸಿದ್ದರು. ದೊಡ್ಡಮ್ಮ ಯಾರಿಗೆ ಕೊಡುವುದೆಂದು ತಿಳಿಯದೆ, ಎಲ್ಲರಿಗಿಂತ ಬಡಕಲಾಗಿದ್ದ ಹುಡುಗನ ಕೈಗೆ ಗಡಿಯಾರ ಕೊಟ್ಟು ಫೋಟೊ ಹೊಡೆಸಿಕೊಂಡರು.

ಆ ಬಡಕಲು ಹುಡುಗನ ಸಿನಿಮಾವೇ ಮೊದಲಿನದು. ಪ್ರಯೋಗಾತ್ಮಕ ಚಿತ್ರ. ತಾಯಿ ಸಾಯುತ್ತಾಳೆ, ಪರದೆ ಪೂರ್ತಿ ಕಪ್ಪಾಗುತ್ತದೆ, ಪ್ರೇಕ್ಷಕರು ಆ ಕತ್ತಲಲ್ಲಿ ಮೌನವಾಗಿ ದುಃಖವನ್ನು ಅನುಭವಿಸಬೇಕು. ಆದರೆ ಮಾವ ವಾಲಗದವರಿಗೆ ಏನು ಹೇಳಿಟ್ಟಿದ್ದರು ಗೊತ್ತೇ? "ಪರದೆ ಕಪ್ಪಾತು ಅಂದ್ರೆ ಮುಗೀತು ಅಂತ. ತಕ್ಷಣ ಗಟ್ಟಿಮೇಳ!"

ತಾಯಿ ಸತ್ತಳು. ಪರದೆ ಕಪ್ಪಾಯಿತು. ಢಂ ಢಂ ಢಂ ಎಂದು ಗಟ್ಟಿಮೇಳ ಮೊಳಗಿತು! ಇಡೀ ಸಭಾಂಗಣ ಎದ್ದು ನಿಂತು ಪರದೆಯ ಕಡೆ ಅಕ್ಷತೆ ಎರಚಿತು. ಹಿಂದಿನ ಸಾಲಿನವರು ಮೊದಲ ಪಂಕ್ತಿ ಹಿಡಿಯಲು ಊಟದ ಕಡೆ ನಡೆದೇಬಿಟ್ಟರು! ಅವರನ್ನು ತಿರುಗಿ ಕರೆತಂದು ಕೂಡಿಸುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು. ಹುಡುಗ ಅತ್ತುಬಿಡುತ್ತಾನೆ ಅಂದುಕೊಂಡು ನಾನು ಹತ್ತಿರ ಹೋದರೆ, ತಲೆಗೂದಲಿನಿಂದ ಅಕ್ಷತೆ ತೆಗೆಯುತ್ತಾ, "ನನ್ನ ಸಿನಿಮಾಕ್ಕೆ ಯಾರೂ ಎದ್ದು ನಿಂತೇ ಇರ್ಲಿಲ್ಲ ಮ್ಯಾಡಂ" ಅಂದ. ಅವನ ಮುಖ ಅರಳಿತ್ತು.

ಊಟಕ್ಕೆ ಮುಂಚಿನ ಕೊನೆಯ ಸಿನಿಮಾ ಚೈತ್ರಾಳದು. ಗೌಡರ ಪತ್ತೆಯಿಲ್ಲ. ಮಾವ ಬಾಗಿಲಿನಿಂದಲೇ ಸನ್ನೆ ಮಾಡಿ ವಾಲಗ ಊದಿಸಿದರು, ನನ್ನಿಂದ ಇನ್ನೊಂದು ಸ್ವಾಗತ ಭಾಷಣ ಮಾಡಿಸಿದರು, ಎಲ್ಲರಿಗೂ ಮತ್ತೊಮ್ಮೆ ಕಲ್ಲುಸಕ್ಕರೆ ಹಂಚಿಸಿದರು. ಅತಿಥಿಯಾಗಿ ಬಂದಿದ್ದ ವಿಮರ್ಶಕರು ರೈಲಿಗೆ ಹೊತ್ತಾಯಿತೆಂದು ವಾಚು ನೋಡತೊಡಗಿದರು. ಚೈತ್ರಾ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಇನ್ನು ಆಗದೆಂದು ನಾನೇ ಸಿನಿಮಾ ಶುರು ಮಾಡಲು ಹೇಳಿದೆ.

ಅರ್ಧ ಆಗಿತ್ತೇನೋ, ಬಾಗಿಲಿನಿಂದ ಮಾವನ ಕೂಗು ಕೇಳಿತು. "ನಿಲ್ಸ್ರಿ! ಹುಡುಗಿ ಅಪ್ಪ ಬಂದಾರೆ! ಮೊದ್ಲಿಂದ ಹಚ್ರಿ!"

ವಿಮರ್ಶಕರು ಎದ್ದು ನಿಂತರು. "ಯಾವ ಚಿತ್ರೋತ್ಸವದಲ್ಲೂ ಹೀಗೆ ಮಾಡೋದಿಲ್ಲ!"

"ಅಲ್ರೀ ಸ್ವಾಮಿ, ಹುಡುಗಿ ಅಪ್ಪ ಇಲ್ದಂಗೆ ಅಕ್ಷತೆ ಹಾಕಿದ್ದು ನೀವು ಎಲ್ಲಾದ್ರೂ ಕಂಡೀರೇನ್ರಿ?"

"ಹೌದ್ಹೌದು! ಮೊದ್ಲಿಂದ ಹಚ್ರಿ!" ಎಂದು ಸಭಾಂಗಣಕ್ಕೆ ಸಭಾಂಗಣವೇ ದನಿಗೂಡಿಸಿತು. ಅಷ್ಟು ಜನ ರೇಷ್ಮೆಸೀರೆಯವರ ಎದುರು ವಿಮರ್ಶಕರು ಏನು ಮಾಡಿಯಾರು? ಕೂತರು. ಗೌಡರಿಗೆ ನಿಂತೇ ಮುಖ ತೋರಿಸಿ ಹೋಗುವ ಯೋಚನೆ ಇತ್ತು. ಮಾವ ಅವರ ಹೆಗಲು ಅದುಮಿ ಮುಂದಿನ ಸಾಲಿನಲ್ಲಿ ಕೂಡಿಸಿ, ತಾವು ಮತ್ತೆ ಬಾಗಿಲಿಗೆ ಹೋದರು.

ಚೈತ್ರಾಳ ಸಿನಿಮಾ ಇಷ್ಟೇ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬಸ್ಸು. ಕಿಟಕಿಯ ಪಕ್ಕ ಒಬ್ಬ ಮುದುಕ, ಅವನ ಪಕ್ಕದ ಸೀಟಿನ ಮೇಲೆ ಟವೆಲು. ಯಾರು ಬಂದು ಕೇಳಿದರೂ "ಜನ ಬರ್ತಾರೆ" ಅನ್ನುತ್ತಾನೆ. ಕಂಡಕ್ಟರ್ ಬೈಯುತ್ತಾನೆ, ನಿಂತವರು ಗೊಣಗುತ್ತಾರೆ. ದಿನಾ ಹೆಂಡತಿ ಹತ್ತುತ್ತಿದ್ದ ಸ್ಟಾಪಿನಲ್ಲಿ ಮುದುಕ ಬಾಗಿಲ ಕಡೆ ನೋಡುತ್ತಾನೆ. ಅವಳು ತೀರಿಕೊಂಡಿದ್ದಾಳೆ. ಹರಿಹರ ಬಂದಾಗ ಟವೆಲನ್ನು ಅಲ್ಲೇ ಬಿಟ್ಟು ಇಳಿದುಹೋಗುತ್ತಾನೆ. ಈ ಸಿನಿಮಾವನ್ನು ನಾನು ಮೊದಲೇ ನೋಡಿದ್ದೆ. ಮಾವನಿಗೆ ಕಥೆ ಹೇಳಿರಲಿಲ್ಲ, ಹೇಳಲು ಬಾಯಿ ಬಂದಿರಲಿಲ್ಲ.

ಪರದೆ ಕಪ್ಪಾಯಿತು. ಗಟ್ಟಿಮೇಳ ಮೊಳಗಲಿಲ್ಲ! ವಾಲಗದವರು ಡೋಲಿನ ಕೋಲು ಕೈಯಲ್ಲಿ ಹಿಡಿದು ಪರದೆಯನ್ನೇ ನೋಡುತ್ತಾ ಕೂತಿದ್ದರು.

ಗೌಡರು ಎದ್ದು ಮಗಳ ಹತ್ತಿರ ಹೋದರು. "ಟವೆಲ್ ಅಲ್ಲೇ ಬಿಟ್ಟು ಇಳಿದ್ನಲ್ಲ… ಅದನ್ನ ಯಾರ್ ಹೇಳಿಕೊಟ್ರು ನಿನಗೆ?"

"ಯಾರೂ ಇಲ್ಲಪ್ಪ. ನಂಗೇ ಹಂಗನ್ನಿಸ್ತು."

ಗೌಡರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ಮೈಸೂರು ಬಸ್ಸು ಎಷ್ಟೊತ್ತಿಗೈತೆ ಕೇಳಿಡು. ಬಸ್ಟ್ಯಾಂಡಿಗೆ ನಾನೂ ಬರ್ತೀನಿ. ಸೀಟ್ ಹಿಡೀಬೇಕಲ್ಲ" ಅಂದರು. ಚೈತ್ರಾ ಅಪ್ಪನ ತೋಳು ಹಿಡಿದು ಅತ್ತಳು. ನಾನೂ ಅತ್ತುಬಿಟ್ಟೆ, ಅದರಲ್ಲಿ ಮುಚ್ಚುಮರೆ ಏನು?

"ಯಜಮಾನ್ರು ಎಲ್ಲಿ? ಅವ್ರು ನೋಡಿದ್ರೇನ್ರಿ?" ಗೌಡರು ನನ್ನನ್ನು ಕೇಳಿದರು.

"ಇಲ್ರಿ. ಅವ್ರು ಬಾಗಿಲು ಬಿಟ್ಟು ಒಳಗೆ ಬಂದವರಲ್ಲ."

ಗೌಡರು ಹೆಗಲ ಮೇಲಿನ ಟವೆಲು ತೆಗೆದು ತಮ್ಮ ಪಕ್ಕದ ಕುರ್ಚಿಗೆ ಹಾಕಿದರು. ಬಾಗಿಲಿಗೆ ಹೋಗಿ ಮಾವನ ಕೈಯಿಂದ ಪನ್ನೀರುದಾನಿ ಕಿತ್ತುಕೊಂಡು ಮಾವನಿಗೇ ಚಿಮುಕಿಸಿದರು. "ಬರ್ರಿ, ಕೂಡ್ರಿ. ನಿಮಗೂ ಸೀಟ್ ಹಿಡಿದೀನಿ."

"ಅಯ್ಯ, ಎಲೆ ಹಾಕ್ಯಾರ್ರಿ! ಅನ್ನ ಆರ್ತೈತೆ!"

"ಆರ್ಲಿ ಬಿಡ್ರಿ."

"ಇನ್ನೊಂದ್ಸಲ ಹಾಕಿ" ಎಂದವರು ಯಾರು ಗೊತ್ತೇ? ರೈಲಿಗೆ ಹೊತ್ತಾದ ಆ ವಿಮರ್ಶಕರು! ಮಾವ ಕುರ್ಚಿಯ ತುದಿಯಲ್ಲಿ, ಈಗಲೋ ಆಗಲೋ ಎದ್ದು ಓಡುವವರಂತೆ ಕೂತರು. ನನಗೆ ತಿಳಿದಂತೆ ಒಂದು ಕಾರ್ಯಕ್ರಮದಲ್ಲಿ ಅವರು ಕೂತದ್ದು ಅತ್ತೆ ಹೋದ ಮೇಲೆ ಅದೇ ಮೊದಲು. ದೀಪ ಆರಿತು. ಬಸ್ಸು ಹೊರಟಿತು. ಮುದುಕ ಟವೆಲು ಹಾಸಿದ, ಯಾರೋ ಸೀಟು ಕೇಳಿದರು, ಅವನು ಆ ಮಾತು ಹೇಳಿದ. ಮಾವ ನಿಧಾನವಾಗಿ ಹಿಂದಕ್ಕೆ ಒರಗಿದರು.

ನಾನು ಬಾಗಿಲು ಹಾಕಿ ಬಂದು, ಕತ್ತಲಲ್ಲಿ ತಡವರಿಸುತ್ತಾ ಅವರ ಇನ್ನೊಂದು ಪಕ್ಕದ ಖಾಲಿ ಕುರ್ಚಿಯಲ್ಲಿ ಕೂರಲು ಹೋದೆ. ಮಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬಂದವಳು ನಾನೆಂದು ಕೂಡ ನೋಡಲಿಲ್ಲ. ಕುರ್ಚಿಯ ಮೇಲೆ ಅಂಗೈಯಿಟ್ಟರು.

"ಇಲ್ಲಿ ಜನ ಬರ್ತಾರೆ" ಅಂದರು.

ನಾನು ಗೋಡೆಗೆ ಒರಗಿ ನಿಂತೇ ಸಿನಿಮಾ ನೋಡಿದೆ.