ಅಳತೆಗೆ ಹೊಲಿದ ಕಂಪ್ಯೂಟರ್

ಹೊಸ ವಸ್ತುವಿಗೆ ಹೇಗೆ ಮರ್ಯಾದೆ ಕೊಡಬೇಕೆಂದು ತಿಳಿಯದವರ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟವೆಂದು ನನ್ನನ್ನು ಕೇಳಿ. ನಾನು ನೀರಿನ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಬಂದ ಸರಕು ಬಂದ ಹಾಗೇ, ಕವರಿನ ಮೇಲೆ ಒಂದು ಗೀರೂ ಬೀಳದಂತೆ ಮುಂದಿನವರ ಕೈ ಸೇರಬೇಕು. ಇದು ನನ್ನ ವೃತ್ತಿಧರ್ಮ. ಈ ಧರ್ಮವನ್ನು ನಾನು ಮನೆಯಲ್ಲೂ ಚಾಚೂ ತಪ್ಪದೆ ಪಾಲಿಸುತ್ತಿದ್ದೆ. ನಮ್ಮ ಸೋಫಾ ಅಂಗಡಿಯಿಂದ ಬರುವಾಗ ಉಟ್ಟಿದ್ದ ಪ್ಲಾಸ್ಟಿಕ್ಕನ್ನೇ ವರ್ಷಗಟ್ಟಲೆ ಉಟ್ಟಿತ್ತು. ಟಿ.ವಿ. ರಿಮೋಟು, ಫ್ರಿಜ್ಜಿನ ಹಿಡಿ, ಗೋಡೆ ಗಡಿಯಾರದ ಗಾಜು ಎಲ್ಲವೂ ಕವಚಧಾರಿಗಳೇ ಆಗಿದ್ದವು. ಇದನ್ನು ಮೆಚ್ಚಿಕೊಳ್ಳಬೇಕಾದ ನನ್ನ ಹೆಂಡತಿ, "ಈ ಮನೇಲಿ ಇವರು ಕವರ್ ಹಾಕದೆ ಬಿಟ್ಟಿರೋದು ನನಗೊಬ್ಬಳಿಗೇ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. (ಬಂದವರು ಸೋಫಾದ ಮೇಲಿಂದ ಜಾರುತ್ತಾ ನಗುತ್ತಿದ್ದರು.)

ಹೆಂಡತಿ ದರ್ಜಿ. ಅವಳು ಕೂರಿಸಿದ ಕಾಲರ್ ಹತ್ತಾರು ಸಲ ಒಗೆದರೂ ತಲೆ ಬಾಗಿಸುವುದಿಲ್ಲ. ಅವಳಿಗೆ ಬಹಳ ದಿನದಿಂದ ಒಂದು ಆಸೆಯಿತ್ತು. ತಾನು ಕಲಿತದ್ದನ್ನು ಆನ್‌ಲೈನಿನಲ್ಲಿ ನಾಲ್ಕು ಜನಕ್ಕೆ ಕಲಿಸಬೇಕು. "ಹೊಲಿಗೆ ಅನ್ನೋದು ಕೈಹಿಡಿದು ಕಲಿಸೋ ವಿದ್ಯೆ, ಪರದೆ ಮೇಲೆ ಯಾರು ಕಲೀತಾರೆ?" ಎಂದು ಅಕ್ಕಪಕ್ಕದವರು ಮೂಗು ಮುರಿದರು. ಅವಳು ಹಟ ಬಿಡಲಿಲ್ಲ. ಜನ ಸೇರಿದರು, ಭಾನುವಾರ ಸಂಜೆ ಮೊದಲ ಪಾಠವೆಂದು ನಿಗದಿಯಾಯಿತು. ಅಷ್ಟರಲ್ಲಿ ಮನೆಯಲ್ಲಿದ್ದ ಮುದಿ ಕಂಪ್ಯೂಟರು ಒಂದು ಬಗೆಯ ಸುಟ್ಟ ವಾಸನೆ ಬಿಟ್ಟು ಶಾಶ್ವತವಾಗಿ ಕಣ್ಣುಮುಚ್ಚಿತು. ಫೋನಿನಲ್ಲಿ ಕಲಿಸಬಹುದಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. "ಅಷ್ಟು ಜನರ ಹೊಲಿಗೇನ ಅಂಗೈಯಷ್ಟು ಪರದೇಲಿ ನೋಡ್ಲಾ? ನನಗೆ ಕಾಣೋದು ಅವರ ಮೂಗಿನ ತುದಿ ಮಾತ್ರ" ಎಂದಿದ್ದಳು.

ಅವಳ ತಮ್ಮ ಬೇರೆ ಊರಿನಲ್ಲಿದ್ದಾನೆ. ಕಂಪ್ಯೂಟರ್ ವಿಷಯದಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದು ಅವನ ನಂಬಿಕೆ. (ದುರದೃಷ್ಟಕ್ಕೆ ಅದು ನಿಜವೂ ಹೌದು.) "ಅಕ್ಕಾ, ರೆಡಿಮೇಡ್ ತಗೊಂಡುಬಿಡು, ತಲೆನೋವಿಲ್ಲ" ಎಂದು ಅವನು ಫೋನಿನಲ್ಲಿ ಅಂದದ್ದು ನನ್ನ ಕಿವಿಗೆ ಬಿತ್ತು. ನನ್ನ ಸ್ವಾಭಿಮಾನ ಎದ್ದು ನಿಂತಿತು.

"ಭಾಗಗಳನ್ನ ತಂದು ನಾನೇ ಜೋಡಿಸ್ತೀನಿ" ಎಂದೆ.

"ನೀವಾ?"

"ಯಾಕೆ, ನಾನಾದ್ರೆ ಏನು? ಎಷ್ಟೊಂದು ವಿಡಿಯೋ ನೋಡಿದೀನಿ ಗೊತ್ತಾ? ಅಲ್ಲ, ನಿನ್ನನ್ನೇ ಕೇಳ್ತೀನಿ, ನಿನ್ನ ಗಿರಾಕಿ ಯಾರಾದ್ರೂ ಬಂದು 'ರೆಡಿಮೇಡ್ ಅಂಗಿ ತಗೋತೀನಿ' ಅಂದ್ರೆ ನೀನೇನಂತೀಯ?"

ರೆಡಿಮೇಡ್ ಎಂಬ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

"ಭುಜ ಒಂದ್ಕಡೆ, ತೋಳು ಒಂದ್ಕಡೆ ಅಂತ ನೀನೇ ಬೈತಿರ್ತೀಯಲ್ಲ? ಕಂಪ್ಯೂಟರೂ ಅಷ್ಟೇ ಕಣೇ. ಅಳತೆ ನೋಡಿ ಹೊಲಿದ್ರೇನೇ ಚೆಂದ" ಎಂದು ಮುಗಿಸಿದೆ. ಅವಳದೇ ಸಿದ್ಧಾಂತದಿಂದ ಅವಳನ್ನು ಸೋಲಿಸಿದ ಖುಷಿಯಲ್ಲಿ ಆ ರಾತ್ರಿ ಸೋಫಾದ ಮೇಲೆ ಸ್ವಲ್ಪ ಜೋರಾಗಿಯೇ ಚರ್ ಚರ್ ಎಂದು ಕೂತೆ.

ಭಾನುವಾರ ಬೆಳಿಗ್ಗೆ ಊಟದ ಮೇಜು ನನ್ನ ಪ್ರಯೋಗಶಾಲೆಯಾಯಿತು. ಡಬ್ಬಿಗಳನ್ನು ಬಿಚ್ಚಿದ ನಾಜೂಕು ನೋಡಿದ್ದರೆ ನೀವು ನನಗೆ ಪ್ರಶಸ್ತಿಯನ್ನೇ ಕೊಡುತ್ತಿದ್ದಿರಿ. ಪೆಟ್ಟಿಗೆಯೊಳಗೆ ಮದರ್‌ಬೋರ್ಡನ್ನು ಮಗುವಿನಂತೆ ಮಲಗಿಸಿದೆ. ಪ್ರೊಸೆಸರ್ ಕೂರಿಸಿದೆ, ಅದೇ ಕಂಪ್ಯೂಟರಿನ ಮೆದುಳು. ಆ ಮೆದುಳು ಕಾಯದಂತೆ ಅದರ ಮೇಲೆ ಕೂಲರ್ ಎಂಬ ಲೋಹದ ರೆಕ್ಕೆಗಳ ಗೋಪುರವೊಂದು ಕೂರುತ್ತದೆ. ನಡುವೆ ಬೂದು ಬಣ್ಣದ ಒಂದು ಲೇಪ ಹಚ್ಚಬೇಕು. ಅದರ ಚಿಕ್ಕ ಟ್ಯೂಬನ್ನು ಅತ್ತೆ ಕೈಗೆತ್ತಿಕೊಂಡರು. ಅವರು ನಮ್ಮ ಜೊತೆಯಲ್ಲೇ ಇದ್ದಾರೆ, ಮನೆಯ ಎಲ್ಲ ರಿಪೇರಿಗೂ ಕುರ್ಚಿ ಹಾಕಿಕೊಂಡು ಸಾಕ್ಷಿಯಾಗುತ್ತಾರೆ.

"ಅಳಿಯಂದ್ರೇ, ಇದು ಮಂಡಿನೋವಿಗೂ ಆಗುತ್ತಾ?"

"ಇಲ್ಲ ಅತ್ತೆ, ಇದು ಮೆದುಳಿಗೆ."

"ಹಾಗಾದ್ರೆ ನೀವೇ ಸ್ವಲ್ಪ ಹಚ್ಕೊಳ್ಳಿ" ಎಂದು ಅವರು ಟ್ಯೂಬನ್ನು ಹಿಂದಕ್ಕೆ ಕೊಟ್ಟರು.

ಮಧ್ಯಾಹ್ನದ ಊಟ ಅಡುಗೆಮನೆಯ ಕಟ್ಟೆಯ ಬಳಿ ನಿಂತುಕೊಂಡೇ ಆಯಿತು. ಆಮೇಲೆ ನಾನು ಎಲ್ಲರನ್ನೂ ಕರೆದೆ. ಗಂಟಲು ಸರಿಮಾಡಿಕೊಂಡು, "ಸ್ವಹಸ್ತದಿಂದ ನಿರ್ಮಿತವಾದ ಈ ಯಂತ್ರ" ಎಂದು ನಾಲ್ಕು ಮಾತು ಶುರುಮಾಡಿದೆ. "ರೀ, ಗುಂಡಿ ಒತ್ರೀ ಸಾಕು" ಎಂದಳು ಹೆಂಡತಿ. ಒತ್ತಿದೆ. ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆಯ ಮೇಲೆ ಏನೋ ಅಕ್ಷರ ಮೂಡಿತು. ಅತ್ತೆ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವ ಮೊದಲೇ ಠಪ್ ಎಂದು ಎಲ್ಲವೂ ಆರಿಹೋಯಿತು.

"ಕರೆಂಟ್ ಹೋಯ್ತು ಅಂತ ಕಾಣುತ್ತೆ" ಎಂದೆ.

ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಮೂವರೂ ಅದನ್ನೇ ನೋಡಿದೆವು.

ಮತ್ತೆ ಒತ್ತಿದೆ. ಹತ್ತಿತು, ಆರಿತು. ಮತ್ತೊಮ್ಮೆ ಒತ್ತಿದರೆ ಈ ಸಲ ಅಕ್ಷರ ಮೂಡುವಷ್ಟು ಸೌಜನ್ಯವನ್ನೂ ತೋರಿಸಲಿಲ್ಲ. ಹೆಂಡತಿ ಪಾಠಕ್ಕೆಂದು ಕತ್ತರಿಸಿಟ್ಟಿದ್ದ ಬಟ್ಟೆಯ ತುಂಡುಗಳನ್ನು ಮಡಿಸುತ್ತಾ, ಬಿಚ್ಚುತ್ತಾ, ಮತ್ತೆ ಮಡಿಸುತ್ತಾ ಕೂತಿದ್ದಳು. ಬೈದಿದ್ದರೆ ಎಷ್ಟೋ ವಾಸಿ. ಬೈಯದೆ ಇರುವ ಹೆಂಡತಿಯನ್ನು ನೋಡಿದರೆ ನನಗೆ ನಿಜಕ್ಕೂ ಭಯ.

ನಾನು ಸಂಶೋಧನೆಗೆ ಇಳಿದೆ. ಪ್ಲಗ್ ಬದಲಾಯಿಸಿದೆ. ಮಿಕ್ಸಿಯ ಪ್ಲಗ್ ಕಿತ್ತು ಅಲ್ಲಿಗೆ ಹಾಕಿದೆ. ಒಳಗಿನ ಒಂದೊಂದೇ ತಂತಿಯನ್ನು ಕಿತ್ತು ಮತ್ತೆ ಚುಚ್ಚಿದೆ. ರ‍್ಯಾಮ್ ಎಂಬ ಉದ್ದನೆಯ ಪಟ್ಟಿಯನ್ನು ತೆಗೆದು, ಉಫ್ ಎಂದು ಊದಿ, ಟಕ್ ಎನ್ನುವವರೆಗೂ ಒತ್ತಿ ಕೂರಿಸಿದೆ. ಪ್ರತಿ ಸಲವೂ ಅದೇ ಕಥೆ. ಕೈಗೆ ಸಿಕ್ಕ ಒಂದು ಹೆಚ್ಚುವರಿ ಸ್ಕ್ರೂವನ್ನು ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡೆ.

"ಪಾಪ, ಅದಕ್ಕೆ ಸುಸ್ತಾಗಿರಬೇಕು. ಬೆಳಿಗ್ಗೆಯಿಂದ ಹಿಂಸೆ ಕೊಡ್ತಿದೀರ. ಸ್ವಲ್ಪ ಹೊತ್ತು ಮಲಗಲಿ ಬಿಡಿ" ಎಂದರು ಅತ್ತೆ.

"ಅತ್ತೆ, ಅದು ಯಂತ್ರ. ಯಂತ್ರಕ್ಕೆ ಸುಸ್ತಾಗಲ್ಲ."

ಹಾಗೆಂದು ಮುಖ ತೊಳೆದುಕೊಂಡು ಬರಲು ಹೋದೆ. ಬಂದು ಗುಂಡಿ ಒತ್ತಿದರೆ ಆ ಹಾಳು ಯಂತ್ರ ಮೊದಲಿಗಿಂತ ಜಾಸ್ತಿ ಹೊತ್ತು ಉರಿದು, ಆಮೇಲೆ ಆರಿತು. ಅತ್ತೆ ಎದ್ದು ಹೋಗಿ ಟೇಬಲ್ ಫ್ಯಾನ್ ತಂದು ಅದರ ಮುಖಕ್ಕೆ ಹಿಡಿದು, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಮುಂದಿನ ಸಲ ಅದು ಇನ್ನೂ ಸ್ವಲ್ಪ ಹೊತ್ತು ಉರಿಯಿತು! ನನ್ನ ವಿಡಿಯೋಗಳ ಜ್ಞಾನವೆಲ್ಲ ಒಂದು ಟೇಬಲ್ ಫ್ಯಾನಿನ ಮುಂದೆ ಮಣ್ಣುಪಾಲಾಗುತ್ತಿರುವುದನ್ನು ನಾನು ಕಣ್ಣಾರೆ ಕಂಡೆ.

ಬಿಸಿಲು ಕಿಟಕಿಯಿಂದ ಜಾರಿ ಗೋಡೆ ಹತ್ತಿತು. ಹೆಂಡತಿ ಕೊನೆಗೂ ಬಾಯಿಬಿಟ್ಟಳು.

"ರೀ, ಅವರೆಲ್ಲ ಕಾಯ್ತಿರ್ತಾರೆ. ಮೊದಲ ಪಾಠಕ್ಕೇ ಟೀಚರ್ ಬರಲಿಲ್ಲ ಅಂದ್ರೆ ಎರಡನೇ ಪಾಠಕ್ಕೆ ಯಾರು ಬರ್ತಾರೆ? ಪಕ್ಕದ ಮನೆಯವರು ಹೇಳಿದ್ದೇ ನಿಜ ಆಗಿಹೋಗುತ್ತೆ." ಧ್ವನಿ ನಡುಗಿತು. ಸ್ವಾಭಿಮಾನವನ್ನು ಮಡಚಿ ಸ್ಕ್ರೂ ಇದ್ದ ಜೇಬಿಗೇ ಹಾಕಿಕೊಂಡು ನಾನೇ ಭಾವಮೈದುನನಿಗೆ ಫೋನ್ ಮಾಡಿದೆ. ಎಲ್ಲರಿಗೂ ಕೇಳಿಸಲೆಂದು ಅವಳು ಸ್ಪೀಕರ್ ಒತ್ತಿದಳು.

"ಏನ್ ಭಾವ, ಹೊಲಿಗೆ ಬಿಚ್ಚಿಕೊಂಡಿತಾ?" ಎಂದ.

ಹಲ್ಲು ಕಚ್ಚಿ ಎಲ್ಲವನ್ನೂ ಹೇಳಿದೆ. ಅತ್ತೆ ಮಧ್ಯೆ ಬಾಯಿ ಹಾಕಿ ಟೇಬಲ್ ಫ್ಯಾನಿನ ವಿಷಯವನ್ನು ಎರಡು ಸಲ ಸೇರಿಸಿದರು. ಅವನು ಗಂಭೀರನಾದ.

"ಅಮ್ಮ ಹೇಳಿದ್ದೇ ಸರಿ. ಮೆದುಳು ಕಾದುಹೋಗಿ ತಾನೇ ಆರ್ತಿದೆ. ಭಾವ, ಪ್ಲಗ್ ಕಿತ್ತು, ಆ ಕೂಲರಿನ ರೆಕ್ಕೆ ಮುಟ್ಟಿ ನೋಡಿ. ಸುಡ್ತಿದೆಯಾ?"

ಮುಟ್ಟಿದೆ. "ತಣ್ಣಗಿದೆಯಪ್ಪಾ! ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡು."

"ಅಯ್ಯೋ, ಅದು ತಣ್ಣಗಿರಬಾರದು! ಕೆಳಗಿನ ಬಿಸಿ ಮೇಲಕ್ಕೆ ಹತ್ತಬೇಕು. ನಡುವೆ ಏನೋ ಅಡ್ಡ ಇದೆ."

ಹೆಂಡತಿಯ ದೃಷ್ಟಿ ಕಂಪ್ಯೂಟರಿನಿಂದ ಎದ್ದು ನಿಧಾನವಾಗಿ ರಿಮೋಟಿನ ಮೇಲೆ ಹಾಯಿತು, ಗಡಿಯಾರದ ಮೇಲೆ ಹಾಯಿತು, ಸೋಫಾದ ಮೇಲೆ ಸ್ವಲ್ಪ ಹೊತ್ತು ನಿಂತು, ನನ್ನ ಮೇಲೆ ಬಂದು ಕೂತಿತು.

"ರೀ, ನಿಜ ಹೇಳಿ. ಈ ಕೂಲರಿನ ತಳಕ್ಕೆ ಪ್ಲಾಸ್ಟಿಕ್ ಅಂಟಿಸಿತ್ತಾ?"

"ಇತ್ತಾ ಅಂದ್ರೇನು? ಈಗಲೂ ಇದೆ!" ಎಂದೆ ಹೆಮ್ಮೆಯಿಂದ. "ಕನ್ನಡಿ ಹಂಗೆ ಹೊಳೀತಿತ್ತು ಕಣೇ ಆ ತಳ. ಒಂದು ಗೀರೂ ಬೀಳದ ಹಾಗೆ ಕಾಪಾಡಿದೀನಿ."

ಫೋನಿನಿಂದ ಒಂದು ಶಬ್ದ ಬಂತು. ಕುದುರೆ ಕೆನೆದ ಹಾಗಿತ್ತು. ಭಾವಮೈದುನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ.

"ಬಳಸುವ ಮುನ್ನ ತೆಗೆಯಿರಿ ಅಂತ ಅದರ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತೆ ಭಾವ! ಓದಲಿಲ್ವಾ?"

"ಓದದೆ ಏನು? ಬಳಸೋದು ಸಂಜೆ ಪಾಠಕ್ಕೆ ತಾನೆ? ಇದಿನ್ನೂ ಪರೀಕ್ಷೆ" ಎಂದೆ. ಕಾರ್ಖಾನೆಯಲ್ಲಾಗಿದ್ದರೆ ಈ ವಾದಕ್ಕೆ ಯಾರೂ ಎದುರು ಹೇಳುತ್ತಿರಲಿಲ್ಲ. ಇಲ್ಲಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೆಂಡತಿ ಮಾತ್ರ ನಗಲಿಲ್ಲ. ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟಳು.

"ತೆಗೀರಿ. ಈಗ. ನನ್ನ ಕಣ್ಮುಂದೆ. ಮತ್ತೆ ಕೇಳಿಸ್ಕೊಳ್ಳಿ, ಪಾಠ ಸುಸೂತ್ರವಾಗಿ ಮುಗಿದ್ರೆ ಈ ಮನೇಲಿ ಒಂದು ಚೂರು ಪ್ಲಾಸ್ಟಿಕ್ ಉಳಿಯಬಾರದು."

"ಮುಗೀದಿದ್ರೆ?"

"ಮುಗೀದಿದ್ರೆ ನಾನೇ ಉಳಿಯಲ್ಲ."

ಆಗಲಿ ಎಂದು ಮಾತು ಕೊಟ್ಟು ಗೋಪುರ ಬಿಚ್ಚಿದೆ. ಲೇಪ ಮೆತ್ತಿಕೊಂಡಿದ್ದ ಆ ಪಾರದರ್ಶಕ ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಎಳೆದೆ. ಪರ್ ಎಂದು ಬಂದ ಆ ಸದ್ದಿಗೆ ಕರುಳು ಚುರುಕ್ ಎಂದಿತು. ಮೆದುಳನ್ನು ಒರೆಸಿ, ಟ್ಯೂಬಿನಲ್ಲಿ ಉಳಿದದ್ದನ್ನು ಹಿಂಡಿ ಹಚ್ಚಿ, ಮತ್ತೆ ಎಲ್ಲವನ್ನೂ ಬಿಗಿದು ಗುಂಡಿ ಒತ್ತಿದೆ. ಹತ್ತಿತು. ಉಸಿರು ಬಿಗಿಹಿಡಿದು ಕಾದೆವು. ಆರಲಿಲ್ಲ! ಅತ್ತೆ ಮುನ್ನೆಚ್ಚರಿಕೆಯಾಗಿ ಚಪ್ಪಾಳೆಯನ್ನು ತಡೆಹಿಡಿದಿದ್ದರು. ಬೇಕಾದ ಸಾಫ್ಟ್‌ವೇರನ್ನೆಲ್ಲ ಅದರೊಳಗೆ ತುಂಬುವ ಕೆಲಸವನ್ನು ಭಾವಮೈದುನ ಫೋನಿನಲ್ಲೇ ನಿಂತು ಮಾಡಿಸಿದ, ನಡುನಡುವೆ ಕೆನೆಯುತ್ತಾ.

ಕೊನೆಯ ಗಳಿಗೆಯಲ್ಲಿ ಪರದೆ ತುಂಬ ಮುಖಗಳು ಅರಳಿದವು. ಹೆಂಡತಿ ಮೊದಲು ತೊದಲಿದಳು. ಆಮೇಲೆ ಕತ್ತರಿ ಕೈಗೆ ಬಂತು ನೋಡಿ, ಅವಳು ಬೇರೆಯೇ ಆಗಿಬಿಟ್ಟಳು. "ಕಾಲರಿನ ಮೂಲೇನ ಸೂಜಿಯಿಂದ ಎಳೀಬೇಡಿ, ಬೆರಳಿಂದ ಒಳಗಿನಿಂದ ದೂಡಿ, ಹಾಂ, ಹಾಗೆ" ಎನ್ನುತ್ತಿದ್ದರೆ ಯಾವುದೋ ಊರಿನ ಒಬ್ಬಾಕೆ ತಾನು ಹೊಲಿದ ಕಾಲರನ್ನು ಪರದೆಗೆ ಹಿಡಿದು ಮಗುವಿನ ಹಾಗೆ ಕುಣಿದಳು. ಹೆಮ್ಮೆ ಉಕ್ಕಿ ನಾನು ಸೋಫಾದ ಮೇಲೆ ಕುಸಿದೆ.

ಚರ್ರ್ರ್.

"ಮೇಡಂ, ಏನದು ಶಬ್ದ?" ಎಂದು ಪರದೆ ಕೇಳಿತು.

"ಅದು ನಮ್ಮನೆಯವರು. ಇವತ್ತೇ ಕೊನೆ" ಎಂದಳು ಹೆಂಡತಿ. ಯಾರೋ ಗಾಬರಿಯಾದಂತೆ ಕಂಡಿತು.

ಕೊಟ್ಟ ಮಾತಿಗೆ ತಪ್ಪುವವನು ನಾನಲ್ಲ. (ತಪ್ಪಲು ಅವಕಾಶವೂ ಇರಲಿಲ್ಲ, ಕತ್ತರಿ ಅವಳ ಕೈಯಲ್ಲೇ ಇತ್ತು.) ಪಾಠ ಮುಗಿದ ಕೂಡಲೇ ಅವಳು ಸೋಫಾದ ಪ್ಲಾಸ್ಟಿಕ್ಕನ್ನು ಈ ತುದಿಯಿಂದ ಆ ತುದಿಗೆ ಒಂದೇ ಎಳೆತಕ್ಕೆ ಸೀಳಿದಳು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟರೆ ಅಲ್ಲಿ ತಿಳಿನೀಲಿ ಬಣ್ಣದ, ಮುಟ್ಟಿದರೆ ಮೆತ್ತಗಿರುವ, ಯಾರದೋ ಶ್ರೀಮಂತರ ಮನೆಯದೆನ್ನಿಸುವ ಸೋಫಾ! ನಾವು ಕೊಂಡದ್ದು ನೀಲಿಯದೆಂಬುದೇ ನನಗೆ ಮರೆತುಹೋಗಿತ್ತು. ಅತ್ತೆ ಅದರ ಮೇಲೆ ಕೈಯಾಡಿಸಿ, "ಮೊದಲೇ ತೆಗೆದಿದ್ರೆ ನನ್ನ ಮಂಡಿನೋವೇ ಬರ್ತಿರಲಿಲ್ಲ" ಎಂದರು.

ಹೆಂಡತಿಗೆ ಖುಷಿಯೋ ಖುಷಿ. ನನ್ನ ತಪ್ಪನ್ನೆಲ್ಲ ಮನ್ನಿಸಿ, ಲೋಟದ ತುಂಬ ಕಾಫಿ ತಂದು ಕೈಗೆ ಕೊಟ್ಟು, "ಕೂತ್ಕೊಳ್ರೀ, ಹಾಯಾಗಿ" ಎಂದಳು. ಕೂತೆ. ನೀವೇ ಯೋಚಿಸಿ, ಜಾರದಂತೆ ಎರಡೂ ಕಾಲನ್ನು ನೆಲಕ್ಕೂರಿ, ಬೆನ್ನನ್ನು ಬಿಲ್ಲಿನಂತೆ ಬಿಗಿದು ಕೂರುವ ಅಭ್ಯಾಸ ನನ್ನದು. ಆ ಲೆಕ್ಕದಲ್ಲೇ ಕೂತರೆ ಜಾರಲೇ ಇಲ್ಲ. ಹಿಂದಕ್ಕೆ, ಇನ್ನೂ ಹಿಂದಕ್ಕೆ, ಮೆತ್ತೆಯ ಪಾತಾಳಕ್ಕೆ ಇಳಿದೆ. ಕಾಲು ಮೇಲೆದ್ದಿತು, ಕೈ ಮೇಲೆದ್ದಿತು, ಲೋಟವೂ ಮೇಲೆದ್ದಿತು. ಕಾಫಿಯೆಲ್ಲ ತಿಳಿನೀಲಿಯ ಮೇಲೆ.

ಹೆಂಡತಿ ಕೂಗಾಡಲಿಲ್ಲ. ಕಸದ ಬುಟ್ಟಿಯಿಂದ ಪ್ಲಾಸ್ಟಿಕ್ಕಿನ ದೊಡ್ಡ ತುಂಡೊಂದನ್ನು ಹೊರಗೆಳೆದಳು. ಕೊರಳಿನ ಟೇಪನ್ನು ಕೈಗೆ ತೆಗೆದುಕೊಂಡಳು.

"ಎದ್ದು ನಿಲ್ರೀ."

"ಯಾಕೆ?"

"ಅಳತೆ ತಗೋಬೇಕು."

ಅವಳ ಎರಡನೆಯ ಪಾಠಕ್ಕೆ ಮೊದಲನೆಯದಕ್ಕಿಂತ ಹೆಚ್ಚು ಜನ ಬಂದರು. ವಿಷಯ: ಕೂರುವವರ ಗಾತ್ರಕ್ಕೆ ತಕ್ಕ ಕವರ್ ಹೊಲಿಯುವುದು. ಪರದೆಯ ಮುಂದೆ ಮುಂಭಾಗ, ಹಿಂಭಾಗ, ಪಕ್ಕದ ನೋಟ ಎಂದು ತಿರುಗುತ್ತಾ ನಿಂತವನು ನಾನೇ. ಈಗ ಕಂಡುಕೇಳರಿಯದ ಊರುಗಳಲ್ಲೆಲ್ಲ ನನ್ನ ಸೊಂಟದ ಸುತ್ತಳತೆ ಜನಕ್ಕೆ ಬಾಯಿಪಾಠ. ಕಂಪ್ಯೂಟರು ಅಂದಿನಿಂದ ಒಮ್ಮೆಯೂ ಆರಿಲ್ಲ. ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಕವರಿಲ್ಲ, ಸೋಫಾದ ಒಂದು ಮೂಲೆಗೆ ಮಾತ್ರ ಇದೆ. ಬೇರೆ ಯಾರೂ ಅಲ್ಲಿ ಕೂರುವ ಹಾಗಿಲ್ಲ, ಅದು ನನ್ನ ಅಳತೆಗೇ ಹೊಲಿದದ್ದು. ರೆಡಿಮೇಡ್ ಅಲ್ಲ.