ಚೆನ್ನಾಗಿದ್ದೀನಿ ಡಾಕ್ಟ್ರೇ

ಹೇಗಿದ್ದೀರಿ ಎಂದು ಯಾರು ಕೇಳಿದರೂ ಚೆನ್ನಾಗಿದ್ದೀನಿ ಎನ್ನಬೇಕು. ಇದು ನಮ್ಮ ಮನೆಯಲ್ಲಿ ಮಕ್ಕಳಿಗೆ ಹಾಲಿನ ಜೊತೆಗೇ ಕುಡಿಸುವ ಪಾಠ. ಬಾಯಿಂದ ಕೆಟ್ಟ ಮಾತು ಬಿದ್ದರೆ ಅಶ್ವಿನಿ ದೇವತೆಗಳು ಅಸ್ತು ಎಂದುಬಿಡುತ್ತಾರಂತೆ. ನಮ್ಮ ಅತ್ತೆಯಂತೂ ಡಬ್ಬದಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಿದೆ’ ಎನ್ನುತ್ತಿದ್ದರು. ಹೊಸ ಸೊಸೆಯಾಗಿದ್ದ ನಾನು ಅದನ್ನು ನಂಬಿ ಅಕ್ಕಿ ತರಿಸದೆ ಬೈಸಿಕೊಂಡದ್ದೂ ಉಂಟು.

ಇಂಥ ಮನೆಯ ನನಗೆ ಗಂಟುಬಿದ್ದದ್ದು ಉಬ್ಬಸ. ಮಹದೇವಪುರದಲ್ಲಿ ನಮ್ಮ ರಾಗಿ ಹೊಲವಿದ್ದ ಕಡೆ ಈಗ ಗಾಜಿನ ಕಟ್ಟಡಗಳಿವೆ, ಸುತ್ತ ಇನ್ನಷ್ಟು ಏಳುತ್ತಿವೆ. ಧೂಳಿಗೇನೂ ಬರವಿಲ್ಲ. ಮೊಮ್ಮಗಳು ಚಿನ್ನುವಿಗೂ ಅದೇ ಕಾಟ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ಯುವುದು ನಾನೇ. ಒಂದೇ ಸಲಕ್ಕೆ ಇಬ್ಬರದೂ ಮುಗಿಯುತ್ತದೆ.

ಆವತ್ತು ಮೊದಲು ನನ್ನ ವಿಚಾರಣೆ. “ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಾಮ್ಮ?”

“ಇಲ್ಲ ಡಾಕ್ಟ್ರೇ.” ಹತ್ತಿದರೆ ತಾನೇ ಬರುವುದು? ಮಹಡಿಯ ಬಾಡಿಗೆಯವರಿಗೆ ನೀರು ಬಂತೆಂದು ಹೇಳುವುದಕ್ಕೂ ನಾನು ಫೋನ್ ಮಾಡುತ್ತೇನೆ.

“ರಾತ್ರಿ ಕೆಮ್ಮಿಂದ ಎಚ್ಚರ ಆಗುತ್ತಾ?”

“ಊಹೂಂ.” ದಿಂಬಿಗೊರಗಿ ಕೂತೇ ಬೆಳಗು ಮಾಡುವವಳಿಗೆ ಎಚ್ಚರವಾಗುವುದೆಲ್ಲಿ ಬಂತು? ಮೆಣಸಿನಕಾಯಿ ಒಗ್ಗರಣೆ ಬಿಟ್ಟಿದ್ದೆ, ಭಜನೆಯಲ್ಲಿ ಬರೀ ತುಟಿ ಆಡಿಸುತ್ತಿದ್ದೆ. ಸುಳ್ಳೇನೂ ಹೇಳಲಿಲ್ಲ, ನೋಡಿ. ಡಾಕ್ಟರಮ್ಮ “ಪರವಾಗಿಲ್ವೇ!” ಎಂದಾಗ ಫಸ್ಟ್ ಕ್ಲಾಸಿನಲ್ಲಿ ಪಾಸಾದಷ್ಟು ಹಿಗ್ಗಾಯಿತು.

ಆಮೇಲೆ ಚಿನ್ನುವಿನ ಸರದಿ. “ಆಟ ಆಡುವಾಗ ಉಸಿರು ಕಟ್ಟುತ್ತಾ ಪುಟ್ಟಿ?”

“ಇಲ್ಲ ಆಂಟಿ.”

“ಏನಾಟ ಆಡ್ತೀಯ?”

“ಖೋಖೋ. ನಾನು ಓಡಲ್ಲ, ಎಲ್ಲರ ಚಪ್ಪಲಿ ನೋಡ್ಕೋತೀನಿ. ಮುಂಚೆ ವಿಸಿಲ್ ಊದ್ತಿದ್ದೆ, ಈಗ ಅದೂ ಆಗಲ್ಲ. ಚಪ್ಪಾಳೆ ತಟ್ತೀನಿ.” ಅಷ್ಟಕ್ಕೇ ನಿಲ್ಲಿಸದೆ, “ಅಜ್ಜಿ ಥರ ಸುಮ್ನೆ ಕೂತ್ಕೊಂಡ್ರೆ ಏನೂ ಆಗಲ್ಲ ಆಂಟಿ” ಎಂದು ನನಗೆ ಸರ್ಟಿಫಿಕೇಟು ಬೇರೆ ಕೊಟ್ಟಳು.

ನಾನು ಮೆಟ್ಟಿಲು ಬಿಟ್ಟರೆ ಹಾಳಾಗಿ ಹೋಗಲಿ, ವಯಸ್ಸಾಯಿತು. ಓಡಬೇಕಾದ ಕೂಸು ಚಪ್ಪಲಿ ಕಾಯುವುದನ್ನು ಕಲಿತದ್ದು ನನ್ನನ್ನು ನೋಡಿ! ದೇವತೆಗಳು ಏನಾದರೂ ಅಂದುಕೊಳ್ಳಲಿ ಎಂದು, “ಅಂಗೆಲ್ಲ ಏನಿಲ್ಲ ಕಣಮ್ಮ, ಇಬ್ರಿಗೂ ಚೆನ್ನಾಗಿಲ್ಲ” ಎಂದು ಒಗ್ಗರಣೆಯಿಂದ ಭಜನೆಯವರೆಗೆ ಎಲ್ಲವನ್ನೂ ಒದರಿಬಿಟ್ಟೆ.

ಡಾಕ್ಟರಮ್ಮ ಬೈಯಲಿಲ್ಲ. “ಉಬ್ಬಸ ಹಿಡಿತದಲ್ಲಿದೆ ಅಂದ್ರೆ ಬೇಕಾದ್ದನ್ನೆಲ್ಲ ಬಿಟ್ಟು ಕೂರೋದಲ್ಲಮ್ಮ, ಎಲ್ಲರ ಥರ ಓಡಾಡೋದು” ಎಂದರು. ದಿನಾ ಎಳೆದುಕೊಳ್ಳಬೇಕಾದ ಇನ್ಹೇಲರನ್ನು ನಾವು ಹುಷಾರಾದ ಕೂಡಲೇ ಪಕ್ಕಕ್ಕಿಡುತ್ತಿದ್ದೆವು. ಜ್ವರ ಬಿಟ್ಟ ಮೇಲೂ ಯಾರಾದರೂ ಮಾತ್ರೆ ನುಂಗುತ್ತಾರೆಯೇ ಎಂಬುದು ನನ್ನ ವಾದವಾಗಿತ್ತು. ಚೆನ್ನಾಗಿದ್ದಾಗಲೂ ಬಿಡದೆ ತೆಗೆದುಕೊಂಡರೇ ಚೆನ್ನಾಗಿರುವುದು ಎಂದು ಅವರು ತಿಳಿಹೇಳಿದರು. ಚಿನ್ನುವಿನ ಕೈಗೆ ಇನ್ಹೇಲರ್ ಕೊಟ್ಟು, ಉಸಿರು ಹೇಗೆ ಎಳೆಯಬೇಕೆಂದು ಮೊದಲಿನಿಂದ ಹೇಳಿಕೊಟ್ಟರು. “ಕೇಳಿದ್ರೆ ನಿಜ ಹೇಳ್ಬೇಕು, ಆಯ್ತಾ?” ಎಂದು ಅವಳಿಂದ ಮಾತೂ ತೆಗೆದುಕೊಂಡರು.

ದಿನ ಕಳೆದಂತೆ ಹುಡುಗಿ ಓಡತೊಡಗಿದಳು. ಮೊಣಕಾಲು ತರಚಿಕೊಂಡು ಬಂದಾಗ ಬೈಯುತ್ತಲೇ ಕಣ್ಣೊರೆಸಿದೆ, ಅವಳದಲ್ಲ, ನನ್ನದು.

ಮುಂದಿನ ಸಲ ಹೋದಾಗ ಡಾಕ್ಟರಮ್ಮ, “ನೀವೂ ದಿನಾ ತಗೋತಿದ್ದೀರಾ ಅಮ್ಮ?” ಎಂದರು.

“ಓಹೋ, ತಪ್ಪದೇ!” ಎಂದೆ.

“ಇಲ್ಲ ಆಂಟಿ” ಎಂದಳು ಚಿನ್ನು. “ನೆಂಟರ ಮನೇಲಿ ಉಳ್ಕೊಂಡಾಗ ತಗೊಳ್ಳಲ್ಲ. ಎಲ್ಲರೂ ನೋಡ್ತಾರಂತೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಈಗೊಂದು ಕೆಮ್ಮು ಬಂದರೆ ಮಾತು ಮರೆಸಿ ಪಾರಾಗಬಹುದಲ್ಲ ಎಂದು ಕಾದೆ. ಹಾಳಾದ್ದು, ಬರಲೇ ಇಲ್ಲ.