ಚೇಚಿ ಊರ ಸುದ್ದಿ ಬಿಟ್ಟ ವರ್ಷ

ಕ್ರೈಸ್ತ ಸಿಸ್ಟರುಗಳ ಕಾನ್ವೆಂಟಿನ ಪಕ್ಕ ಮನೆ ಇದ್ದವರಿಗೆ ಟಿವಿ ಬೇಕಂತಿಲ್ಲ. ನಾವು ಕಾಸರಗೋಡು ಬಿಟ್ಟು ಕಳಮಶ್ಶೇರಿಗೆ ಬಂದು ಆರು ವರ್ಷ ಆಯ್ತು, ದಿನಕ್ಕೊಂದು ಆಗ್ತಾನೇ ಉಂಟು. ಆದ್ರೆ ಪಕ್ಕದ ಮನೆಯ ಅಕ್ಕ, ಇಲ್ಲಿಯವರ ಮಾತಿನಲ್ಲಿ ಚೇಚಿ, ಸಿಸ್ಟರುಗಳ ಜೊತೆ ಸೇರಿದ ವರ್ಷ ಆದಷ್ಟು ಯಾವತ್ತೂ ಆಗ್ಲಿಲ್ಲ.

ಸೇರಿದ್ದು ಅಂದ್ರೆ ಸಿಸ್ಟರ್ ಆದದ್ದಲ್ಲ. ಗಂಡ, ಮಕ್ಕಳು, ಮೀನು ಸಾರು ಎಲ್ಲ ಹಾಗೇ ಇರ್ತದೆ. ಮನೆಯಲ್ಲಿದ್ದುಕೊಂಡೇ ಅವರ ಸೇವೆಯಲ್ಲಿ ಪಾಲು ತಕ್ಕೊಳ್ಳುವುದು. ಹುಷಾರಿಲ್ಲದವರನ್ನು ನೋಡ್ಲಿಕ್ಕೆ ಹೋಗುವುದು, ಒಂಟಿ ಮುದುಕರ ಹತ್ರ ಕೂತು ಮಾತಾಡುವುದು, ಪ್ರಾರ್ಥನೆ. ಒಂದು ವರ್ಷ ನೋಡ್ತಾರೆ. ಸರಿ ಕಂಡ್ರೆ ತಿರುವನಂತಪುರದ ದೊಡ್ಡ ಕಾನ್ವೆಂಟಿಗೆ ಕರೆಸಿ ಕುತ್ತಿಗೆಗೆ ಮೆಡಲು ಹಾಕ್ತಾರೆ. ಚೇಚಿಗೆ ಆ ಮೆಡಲಿನ ಮೇಲೇ ಜೀವ.

ಒಂದು ಶರ್ತ ಇತ್ತು. ಆ ವರ್ಷ ಒಂದು ಕೆಟ್ಟ ಚಾಳಿ ಬಿಡ್ಬೇಕು. ಯಾವುದು ಬಿಡುವುದು ಅಂತ ಚೇಚಿ ಯೋಚಿಸುವ ಮೊದಲೇ ಕಾನ್ವೆಂಟಿನ ಸಿಸ್ಟರ್ ಹೇಳಿಬಿಟ್ಟರು, "ಬೇರೆಯವರ ಸುದ್ದಿ ಮಾತಾಡುವುದು."

ಬಿಟ್ಟದ್ದು ಚೇಚಿ. ನಷ್ಟ ಆದದ್ದು ನನಗೆ.

೧. ಗೋಡೆ ಹತ್ತಿರ

ಎರಡು ದಿನ ಚೇಚಿ ಗೋಡೆ ಹತ್ರ ಬಂದು ಬಟ್ಟೆ ಒಣಗಿಸಿ ಹೋದಳು. ಬಾಯಿ ಹೊಲಿದ ಹಾಗೆ. "ಎದುರು ಮನೆಗೆ ನಿನ್ನೆ ಯಾರೋ ಬಂದಿದ್ರು ಚೇಚಿ" ಅಂದೆ. ಅವಳ ಕಿವಿ ಕೆಂಪಾಯ್ತು, ಬಾಯಿ ಬಿಡ್ಲಿಲ್ಲ.

ಮೂರನೇ ದಿನ ಬಂದವಳೇ ಶಿಲುಬೆ ಗುರುತು ಹಾಕಿದಳು. "ಎದುರು ಮನೆಯವಳಿಗೋಸ್ಕರ ಪ್ರಾರ್ಥಿಸ್ಬೇಕು ಮಾರಾಯ್ತಿ."

"ಯಾಕೆ ಚೇಚಿ?"

"ಅವಳ ಅತ್ತೆಗೋಸ್ಕರವೂ."

"ಎಂತ ಆಯ್ತು?"

"ವಿವರ ಹೇಳದಿದ್ರೆ ದೇವರಿಗೆ ಹೇಗೆ ಗೊತ್ತಾಗ್ತದೆ?" ಅಂತ ಶುರು ಮಾಡಿದಳು.

ಆ ಸಂತೋಷದಲ್ಲಿ ನಾನೂ ನನ್ನದೊಂದು ಗುಟ್ಟು ಹೇಳಿದೆ, ಗಂಡನಿಗೂ ಹೇಳದ್ದು. "ಪ್ರಾರ್ಥನೆಗೆ ಮಾತ್ರ, ಆಯ್ತಾ" ಅಂದೆ. ಆಯ್ತು ಅಂದಳು.

ಮೊದಲು ನಮ್ಮ ಮಾತು ಅರ್ಧ ಗಂಟೆಗೆ ಮುಗೀತಿತ್ತು. ಪ್ರಾರ್ಥನೆ ಆದ ಮೇಲೆ ಒಂದು ಗಂಟೆ.

೨. ನನ್ನ ಜ್ವರ

ಹುಷಾರಿಲ್ಲದವರನ್ನು ನೋಡುವ ಸೇವೆಗೆ ಹುಷಾರಿಲ್ಲದವರು ಬೇಕಲ್ಲ. ನಮ್ಮ ಬೀದಿಯಲ್ಲಿ ಆ ತಿಂಗಳು ಎಲ್ರೂ ಗಟ್ಟಿಮುಟ್ಟು. ಚೇಚಿಯ ಗುಂಪಿನ ಆರು ಹೆಂಗಸರು ಕೈಕೈ ಹಿಸುಕಿಕೊಳ್ತಿದ್ರು.

ನಾಳೆ ಕಾನ್ವೆಂಟಿಗೆ ಬನ್ನಿ ಅಂತ ಸಿಸ್ಟರ್ ನನ್ನನ್ನೂ ಕರೆದ್ರು. ಮನೆಯಲ್ಲಿ ಕೆಲಸ ಉಂಟು ಅಂತ ಹೇಳ್ಬೇಕಿತ್ತು. ಮಲಯಾಳದಲ್ಲಿ ಪಣಿ ಅಂದ್ರೆ ಕೆಲಸ, ಪನಿ ಅಂದ್ರೆ ಜ್ವರ. ನನ್ನ ನಾಲಿಗೆಗೆ ಆ ಎರಡರ ವ್ಯತ್ಯಾಸ ಇವತ್ತಿಗೂ ಹತ್ತಿಲ್ಲ.

ಮರುದಿನ ನಾನು ಸ್ಟೂಲಿನ ಮೇಲೆ ನಿಂತು ಫ್ಯಾನ್ ಒರೆಸ್ತಿದ್ದೆ. ಆರು ಜನ ಗಂಜಿ, ಚಟ್ನಿ, ಜಪಮಾಲೆ ಸಮೇತ ಒಳಗೆ ಬಂದ್ರು. "ಅಯ್ಯೋ, ಜ್ವರ ತಲೆಗೇರಿದೆ" ಅಂತ ಇಬ್ಬರು ನನ್ನನ್ನು ಕೆಳಗಿಳಿಸಿ ಮಲಗಿಸಿದ್ರು. ಇಲ್ಲ ಇಲ್ಲ ಅಂದಷ್ಟೂ ಹಣೆಗೆ ಒದ್ದೆ ಬಟ್ಟೆ ಹಾಕಿದ್ರು.

ಸಂಜೆಗೆ ನನ್ನ ಹೊಟ್ಟೆ ತುಂಬಿತ್ತು, ಫ್ಯಾನಿನ ಒಂದು ರೆಕ್ಕೆ ಕ್ಲೀನ್ ಆಗಿತ್ತು. ಅವರ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ "ಪ್ರಾರ್ಥನೆಯಿಂದ ಗುಣವಾಯಿತು" ಅಂತ ಬರೆದಿತ್ತು.

೩. ಪಟ್ಟಿ

ಬೀದಿಯಲ್ಲಿ ಯಾರ ಮನೆಯಲ್ಲಿ ಯಾವ ಕಷ್ಟ ಉಂಟು ಅಂತ ನನ್ನಷ್ಟು ಗೊತ್ತಿದ್ದವರು ಇಲ್ಲ. ಅದಕ್ಕೆ ಸಿಸ್ಟರ್, "ಹೆಸರೆಲ್ಲ ಬರೆದು ಕೊಡ್ತೀರಾ?" ಅಂದ್ರು. ನಾನು ಎರಡು ಹಾಳೆ ಬರೆದೆ.

ಗೇಟಿನಲ್ಲಿ ಹೊಸ ಸಿಸ್ಟರ್ ಒಬ್ಬರು ನಿಂತಿದ್ರು. "ಪಟ್ಟಿ ತಂದಿದ್ದೇನೆ" ಅಂದೆ. ಇಲ್ಲಿ ಪಟ್ಟಿ ಅಂದ್ರೆ ನಾಯಿ, ಅದು ಆಮೇಲೆ ನೆನಪಾದದ್ದು.

ಅವರು ಎರಡು ಹೆಜ್ಜೆ ಹಿಂದೆ ಹೋದ್ರು. "ಕಚ್ತದಾ?"

ಎಂತ ಪ್ರಶ್ನೆ ಅಂತ ಅನಿಸಿತು, ಆದ್ರೂ ಪಟ್ಟಿಯನ್ನೊಮ್ಮೆ ನೋಡಿ ಸತ್ಯವೇ ಹೇಳಿದೆ. "ಎಲ್ಲ ಇಲ್ಲ ಸಿಸ್ಟರ್. ಮೂರನೇ ಮನೆಯದ್ದು ಮಾತ್ರ."

೪. ತಿರುವನಂತಪುರದಲ್ಲಿ

ವರ್ಷ ಮುಗೀತು. ಮೆಡಲಿಗೆ ಹೋಗುವವರು ನೆರೆಮನೆಯವರೊಬ್ಬರನ್ನು ಕರ್ಕೊಂಡು ಬರ್ಬೇಕು, ಅಲ್ಲಿನ ಮುಖ್ಯಸ್ಥೆ ದೊಡ್ಡ ಮದರ್ ಆ ನೆರೆಯವರನ್ನೇ ಕೇಳ್ತಾರೆ ಅಂತ ಗೊತ್ತಾಯ್ತು. ಬೆಳಗಿನ ರೈಲಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಚೇಚಿ ನನಗೆ ಬಾಳೆಹಣ್ಣು ಸುಲಿದು ಕೊಟ್ಟಳು. ಆರು ವರ್ಷದಲ್ಲಿ ಅದೇ ಮೊದಲು.

ಮದರ್ ನನ್ನನ್ನು ಒಳಗೆ ಕೂರಿಸಿ ಚಾ ಕೊಟ್ಟರು. "ಈ ಒಂದು ವರ್ಷದಲ್ಲಿ ಅವರು ಬೇರೆಯವರ ಸುದ್ದಿ ಮಾತಾಡಿದ್ದುಂಟಾ? ಎಲ್ಲ ಬಿಡಿಸಿ ಹೇಳಿ."

ನೋಡಿ, ನನ್ನ ಜನ್ಮದಲ್ಲಿ ಯಾರೂ ನನಗೆ ಕುರ್ಚಿ ಹಾಕಿ, ಚಾ ಕೊಟ್ಟು, ಬೇರೆಯವರ ವಿಷಯ ಹೇಳು ಅಂದದ್ದಿಲ್ಲ. ಬಾಗಿಲ ಸಂದಿಯಲ್ಲಿ ಚೇಚಿಯ ಸೀರೆಯ ಸೆರಗು ಕಾಣ್ತಿತ್ತು. ನನ್ನ ಒಂದು ಮಾತು, ಅವಳ ಮೆಡಲು.

"ಇಲ್ಲ ಮದರ್" ಅಂದೆ. "ಪ್ರಾರ್ಥನೆ ಮಾತ್ರ ಮಾಡಿದ್ದು."

"ಅದು ಗೊತ್ತು" ಅಂತ ಮದರ್ ನಕ್ಕರು. "ನಿಮಗೋಸ್ಕರ ಪ್ರಾರ್ಥಿಸ್ಬೇಕು ಅಂತ ಅವರೇ ನಮಗೆ ಪ್ರತಿ ತಿಂಗಳು ಬರೆದು ಕಳಿಸ್ತಿದ್ರು. ನಾವು ಇಪ್ಪತ್ತು ಸಿಸ್ಟರುಗಳೂ ಪ್ರಾರ್ಥಿಸಿದ್ದೇವೆ." ಮತ್ತೆ ನನ್ನ ಕೈ ಹಿಡಿದು ಮೆಲ್ಲ ಕೇಳಿದ್ರು, "ಹತ್ತನೇ ಪಾಸು ಅಂತ ಹೇಳಿ ಮದುವೆ ಆದದ್ದಂತೆ ಅಲ್ವಾ, ನಿಜಕ್ಕೂ ಆರನೇ ಕ್ಲಾಸಿಗೆ ಬಿಟ್ಟದ್ದಂತೆ. ಈಗಲಾದ್ರೂ ಗಂಡನಿಗೆ ಹೇಳಿದ್ರಾ?"

ತಿರುವನಂತಪುರದ ಇಪ್ಪತ್ತು ಸಿಸ್ಟರುಗಳಿಗೆ ಗೊತ್ತುಂಟು. ನನ್ನ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ. ಅವರು ಪೇಪರ್ ಬಿಟ್ಟು ಬೇರೇನೂ ಓದುವುದಿಲ್ಲ, ಅದೇ ಧೈರ್ಯದಲ್ಲಿ ಇದನ್ನು ಬರೀತಿದ್ದೇನೆ.

ಚೇಚಿಗೆ ಮೆಡಲು ಬಂತು. ವಾಪಸ್ಸು ರೈಲಿನಲ್ಲಿ ಕೊಲ್ಲಂ ದಾಟುವವರೆಗೆ ನಾನು ಕಿಟಕಿ ಹೊರಗೇ ನೋಡಿದೆ. ಅವಳು ಬಾಳೆಹಣ್ಣು ಚಾಚಿದಳು, ತಕ್ಕೊಳ್ಳಲಿಲ್ಲ. "ಪ್ರಾರ್ಥನೆಗೆ ಮಾತ್ರ ಅಂತ ನೀನೇ ಹೇಳಿದ್ದಲ್ವಾ?" ಅಂದಳು. ನಾನು ಮತ್ತೆ ಕಿಟಕಿಗೆ ತಿರುಗಿದೆ. ಆದ್ರೆ ಮದರ್ ಅವರ ಕೋಣೆಯಲ್ಲಿ ನಾನು ಒಂದು ಕಂಡಿದ್ದೆ. ಎಷ್ಟು ಹೊತ್ತು ಅಂತ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು?

"ಚೇಚಿ" ಅಂದೆ, "ಮದರಿಗೋಸ್ಕರ ಪ್ರಾರ್ಥಿಸ್ಬೇಕು."

ಚೇಚಿ ಹಾರಿ ನನ್ನ ಪಕ್ಕಕ್ಕೆ ಬಂದು ಕೂತಳು. "ಎಂತ? ಎಂತ ಕಂಡದ್ದು ನೀನು?"

"ಮೊದಲು ಶಿಲುಬೆ ಗುರುತು ಹಾಕು" ಅಂದೆ.